ಪ್ರೊಪೆಲ್ಲರ್ ಕಿತ್ತು ಚಕ್ರ ಹಾಕಿದರೆ: ಪ್ಯಾಡಲ್ ಟಗ್‌ಗಳ ಕಥೆ

1/8
ರಿಮೋಟ್‌ನಲ್ಲಿ ಓಡುವ ಟಗ್ ಬೋಟಿನ ಮಾದರಿ ಒಂದು ನಿಮ್ಮ ಹತ್ರ ಇದೆ ಅಂದುಕೊಳ್ಳಿ. ಹಿಂಬದಿಯಲ್ಲಿ, ನೀರಿನ ಕೆಳಗೆ, ಒಂದು ಹಿತ್ತಾಳೆ ಪ್ರೊಪೆಲ್ಲರ್. ಅದನ್ನು ಕಿತ್ತು, ಎರಡೂ ಪಕ್ಕಕ್ಕೆ ನೀರು ಬಡಿಯುವ ದೊಡ್ಡ ಚಕ್ರ ಕೂರಿಸಬೇಕು ಅನ್ನೋ ಆಸೆ ಬಂದಿದೆ. ಹಳೇ ಸ್ಟೀಮರ್ ಚಿತ್ರಗಳನ್ನು ನೋಡಿದವರಿಗೆ ಬರದೇ ಇರುವ ಆಸೆಯೇನಲ್ಲ ಬಿಡಿ. ಹಡಗಿನ ಮಾದರಿ ಕಟ್ಟುವವರಲ್ಲಿ ಈ ಹುಚ್ಚು ಹಿಡಿದವರು ಬಹಳ ಜನ ಇದ್ದಾರೆ.

ಪಕ್ಕದಲ್ಲಿ ನಿಂತವರು ಕೇಳೋದು ಒಂದೇ ಪ್ರಶ್ನೆ. "ಪ್ರಪಂಚ ಚಕ್ರ ಬಿಟ್ಟು ಪ್ರೊಪೆಲ್ಲರಿಗೆ ಹೋಯ್ತು, ನೀನ್ಯಾಕಪ್ಪಾ ಉಲ್ಟಾ ಹೋಗ್ತಾ ಇದ್ದೀಯ?"

ಪ್ರಶ್ನೆ ಸರಿಯಾಗೇ ಇದೆ. ಶಾಲೆಯ ಪಾಠದ ಲೆಕ್ಕದಲ್ಲಿ ಮೊದಲು ಚಕ್ರ, ಆಮೇಲೆ ಪ್ರೊಪೆಲ್ಲರ್, 1845ರಲ್ಲಿ ಎರಡಕ್ಕೂ ಹಗ್ಗಜಗ್ಗಾಟ ಆಯ್ತು, ಪ್ರೊಪೆಲ್ಲರ್ ಗೆದ್ದಿತು, ಕಥೆ ಮುಗೀತು. ಆದರೆ ಬ್ರಿಟಿಷ್ ನೌಕಾಪಡೆ 1950ರ ದಶಕದ ಕೊನೆಯಲ್ಲಿ, ಅಂದರೆ ಆ "ಸೋಲು" ಆಗಿ ನೂರು ವರ್ಷ ದಾಟಿದ ಮೇಲೆ, ಹೊಸದಾಗಿ ಪ್ಯಾಡಲ್ ಚಕ್ರದ ಟಗ್‌ಗಳನ್ನು ಕಟ್ಟಿಸಿತು. ಹಾಗಾದರೆ ಸೋತದ್ದು ಯಾರು, ಎಲ್ಲಿ? ಈ ಸರಣಿ ಅದರ ಬಗ್ಗೆ. ನಡುವೆ ನಿಮ್ಮ ಮಾದರಿಯ ಕೆಲಸವೂ ಸಾಗಲಿ. ಯಾಕೆಂದರೆ ಪುಸ್ತಕ ಹೇಳದ ಕೆಲವು ವಿಷಯ ಸ್ಕ್ರೂಡ್ರೈವರ್ ಹಿಡಿದಾಗ ಗೊತ್ತಾಗುತ್ತೆ.

2/8
ಟಗ್ ಅಂದರೆ ಗೊತ್ತಲ್ಲ, ದೊಡ್ಡ ಹಡಗನ್ನು ಎಳೆದು, ತಳ್ಳಿ ಬಂದರಿನೊಳಗೆ ತರುವ ಸಣ್ಣ, ಗಟ್ಟಿ ದೋಣಿ. ಪಣಂಬೂರಿನ ನವಮಂಗಳೂರು ಬಂದರಿನ ಕಡೆ ಹೋದವರು ನೋಡಿರುತ್ತೀರಿ.

ಹಾಯಿಹಡಗಿನ ಕಾಲದಲ್ಲಿ ಇದರ ಅಗತ್ಯ ಈಗಿಗಿಂತ ಹೆಚ್ಚಿತ್ತು. ಸಮುದ್ರದಲ್ಲಿ ಗಾಳಿ ಇದ್ದರೆ ಹಡಗು ರಾಜ. ನದಿಯ ಬಾಯಿಗೆ ಬಂದಾಗ ಗಾಳಿ ಎದುರಾಯಿತೋ, ಲಂಗರು ಹಾಕಿ ದಿನಗಟ್ಟಲೆ ಕಾಯಬೇಕು. ಸರಕು ಕೊಳೆಯುತ್ತೆ, ಕೂಲಿ ಏರುತ್ತೆ, ಬಿರುಗಾಳಿ ಬಂದರೆ ಹಡಗು ಮರಳದಿಬ್ಬಕ್ಕೆ ಬಡಿಯುತ್ತೆ. ಗಾಳಿಯ ಹಂಗಿಲ್ಲದ ಒಂದು ದೋಣಿ ಬಂದು ಎಳೆದುಕೊಂಡು ಹೋಗಲಿ ಅನ್ನೋ ಯೋಚನೆ ಹುಟ್ಟಿದ್ದು ಇಲ್ಲಿಂದ. ಇಂಗ್ಲೆಂಡಿನ ಜೊನಾಥನ್ ಹಲ್ಸ್ 1736ರಲ್ಲೇ ಇಂಥ ಉಗಿದೋಣಿಗೆ ಪೇಟೆಂಟ್ ಪಡೆದಿದ್ದ. ಗಮನಿಸಿ, ಪ್ರಯಾಣಿಕರನ್ನು ಒಯ್ಯಲು ಅಲ್ಲ, ಹಡಗು ಎಳೆಯಲು.

ಕೆಲಸ ಮಾಡಿ ತೋರಿಸಿದ್ದು ಸ್ಕಾಟ್ಲೆಂಡಿನ ವಿಲಿಯಂ ಸೈಮಿಂಗ್ಟನ್. ಅವನ 'ಷಾರ್ಲೆಟ್ ಡಂಡಾಸ್' 1803ರ ಮಾರ್ಚ್‌ನಲ್ಲಿ ಫೋರ್ತ್ ಮತ್ತು ಕ್ಲೈಡ್ ಕಾಲುವೆಯಲ್ಲಿ ತಲಾ 70 ಟನ್‌ನ ಎರಡು ದೋಣಿಗಳನ್ನು ಸುಮಾರು 30 ಕಿಲೋಮೀಟರ್ ಎಳೆದು ಗ್ಲಾಸ್ಗೋ ಸೇರಿಸಿತು. ಅವತ್ತು ಎದುರುಗಾಳಿ ಎಷ್ಟಿತ್ತೆಂದರೆ ಕಾಲುವೆಯ ಮಿಕ್ಕ ದೋಣಿಗಳೆಲ್ಲ ನಿಂತುಬಿಟ್ಟಿದ್ದವು. ಇಷ್ಟಾದರೂ ಕಾಲುವೆಯ ಯಜಮಾನರು ಬೇಡ ಅಂದರು: ಚಕ್ರದ ಅಲೆಗೆ ದಂಡೆ ಕುಸಿಯುತ್ತೆ ಅನ್ನೋ ಭಯ. ಎಂಟು ದೋಣಿ ಬೇಕು ಅಂದಿದ್ದ ಡ್ಯೂಕ್ ಆಫ್ ಬ್ರಿಡ್ಜ್‌ವಾಟರ್ ಅದೇ ತಿಂಗಳು ತೀರಿಕೊಂಡ. ಸೈಮಿಂಗ್ಟನ್‌ನ ಅದೃಷ್ಟವೇ ಹಾಗಿತ್ತು.

ಟಗ್ ನಿಜವಾಗಿ ಕಸುಬಾಗಿ ಬೆಳೆದದ್ದು ಇಂಗ್ಲೆಂಡಿನ ಈಶಾನ್ಯಕ್ಕಿರುವ ಟೈನ್ ನದಿಯಲ್ಲಿ. ಕಲ್ಲಿದ್ದಲಿನ ಊರು. ಪ್ರಯಾಣಿಕರಿಗೆಂದು 1814ರಲ್ಲಿ ಬಂದ ಉಗಿದೋಣಿಗೆ ಲಾಭ ಹುಟ್ಟಲಿಲ್ಲ. 1818ರಲ್ಲಿ ಜೋಸೆಫ್ ಪ್ರೈಸ್ ಎಂಬಾತ ಅದರಿಂದ ಹಾಯಿಹಡಗು ಎಳೆಸಿ ನೋಡಿದ. ಅಲ್ಲಿಂದ ಟೈನ್ ನದಿ ತುಂಬ ಟಗ್.

3/8
ನಮ್ಮ ದೇಶಕ್ಕೂ ಚಕ್ರದ ದೋಣಿ ಬೇಗನೇ ಬಂತು. ಕಲ್ಕತ್ತಾದ ಖಿದಿರ್‌ಪುರದಲ್ಲಿ 1823ರಲ್ಲಿ ನೀರಿಗಿಳಿದ 'ಡಯಾನಾ'. ಮರು ವರ್ಷವೇ ಬರ್ಮಾ ಯುದ್ಧ. ಮುಂದೆ ಕಾದಂಬರಿಕಾರನಾಗಿ ಹೆಸರಾದ ನೌಕಾಧಿಕಾರಿ ಫ್ರೆಡರಿಕ್ ಮ್ಯಾರಿಯಟ್ ಸಲಹೆ ಕೊಟ್ಟ, ಸರ್ಕಾರ ಡಯಾನಾವನ್ನು ಕೊಂಡಿತು. ಐರಾವತಿ ನದಿಯ ಸೆಳವಿಗೆ ಎದುರಾಗಿ ಸೈನ್ಯದ ದೋಣಿಗಳನ್ನು ಎಳೆದದ್ದು ಇದೇ. ಹಡಗು ಎಳೆಯುವ ವಿದ್ಯೆ ಇನ್ನೊಬ್ಬರ ನೆಲ ಹಿಡಿಯುವುದಕ್ಕೂ ಆಯ್ತು ಅನ್ನೋದನ್ನು ಮರೀಬೇಡಿ.

ಈಗ ಪ್ಯಾಡಲ್ ಟಗ್‌ಗಳಲ್ಲೆಲ್ಲ ಹೆಚ್ಚು ಜನ ನೋಡಿರುವ ಟಗ್‌ಗೆ ಬರೋಣ. ಅದು ಇರೋದು ನೀರಿನಲ್ಲಲ್ಲ, ಕ್ಯಾನ್ವಾಸಿನ ಮೇಲೆ. ಟರ್ನರ್ ಬರೆದ 'ದಿ ಫೈಟಿಂಗ್ ಟೆಮರೇರ್'. 1839ರಲ್ಲಿ ಪ್ರದರ್ಶನಕ್ಕಿಟ್ಟದ್ದು, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಬ್ರಿಟನ್ನಿನ 20 ಪೌಂಡ್ ನೋಟಿನ ಹಿಂಬದಿಯಲ್ಲೂ ಇದೆ. 1805ರ ಟ್ರಫಾಲ್ಗರ್ ಕದನದಲ್ಲಿ ಹೋರಾಡಿದ 98 ಫಿರಂಗಿಗಳ ಹಡಗನ್ನು ಗುಜರಿಗೆ ಎಳೆದೊಯ್ಯುವ ದೃಶ್ಯ. ಹಿಂದೆ ದೆವ್ವದಂತೆ ಬೆಳ್ಳಗಿನ ಹಡಗು, ಮುಂದೆ ಕಪ್ಪಗೆ ಹೊಗೆ ಕಾರುವ ಚಕ್ರದ ಟಗ್.

ನಡೆದದ್ದು ಸ್ವಲ್ಪ ಬೇರೆ. ಜಾನ್ ಬೀಟ್ಸನ್ ಎಂಬ ಹಡಗು ಒಡೆಯುವವನು 5,530 ಪೌಂಡ್ ಕೊಟ್ಟು ಕೊಂಡಿದ್ದ. 1838ರ ಸೆಪ್ಟೆಂಬರ್‌ನಲ್ಲಿ ಷೀರ್‌ನೆಸ್‌ನಿಂದ ರಾದರ್‌ಹೈತ್‌ಗೆ ಎಳೆಯಲು ಎರಡು ಟಗ್ ಬೇಕಾದವು: 'ಲಂಡನ್' ಮತ್ತು 'ಸ್ಯಾಮ್ಸನ್'. ಎರಡು ದಿನದ ಕೆಲಸ. ಟೆಮರೇರ್‌ನ ಕೂವೆಮರಗಳನ್ನು ಮೊದಲೇ ಬಿಚ್ಚಿದ್ದರು. ಟರ್ನರ್ ಒಂದು ಟಗ್ ಅಳಿಸಿದ, ಕೂವೆಮರ ಮತ್ತೆ ನಿಲ್ಲಿಸಿದ, ಸೂರ್ಯನನ್ನೂ ತನಗೆ ಬೇಕಾದ ಕಡೆ ಮುಳುಗಿಸಿದ. ಟಗ್‌ನ ಹೊಗೆಕೊಳವೆಯನ್ನು ಅದರ ಮಾಸ್ಟಿನ ಮುಂದಕ್ಕೆ ತಂದಿಟ್ಟ. ಮಾದರಿ ಕಟ್ಟುವವರು ದಯವಿಟ್ಟು ಈ ಚಿತ್ರ ನೋಡಿ ಅಳತೆ ತೆಗೆಯಬೇಡಿ!

ಆ ಚಿತ್ರದಲ್ಲಿ ಎಲ್ಲರೂ ಹಳೇ ಹಡಗಿಗೆ ಕಣ್ಣೀರಿಡುತ್ತಾರೆ. ನನ್ನ ಕಣ್ಣು ಹೋಗೋದು ಟಗ್ ಕಡೆಗೆ. ಅಂದಿಗೆ ಹೊಸ ಕಾಲ ಅಂದರೆ ಆ ಚಕ್ರವೇ.

4/8
ಹೊಸ ಕಾಲ ಎಷ್ಟು ಬೇಗ ಹಳತಾಯ್ತು ನೋಡಿ.

ನಿಮ್ಮ ಮಾದರಿಯಲ್ಲಿ ನೀವು ಮಾಡಹೊರಟ ಬದಲಾವಣೆಯನ್ನೇ, ಆದರೆ ಉಲ್ಟಾ ದಿಕ್ಕಿನಲ್ಲಿ, ಇಸಾಂಬರ್ಡ್ ಬ್ರುನೆಲ್ ಒಂದು ದೈತ್ಯ ಹಡಗಿನಲ್ಲಿ ಮಾಡಿದ. 'ಗ್ರೇಟ್ ಬ್ರಿಟನ್' ಎಂಬ ಕಬ್ಬಿಣದ ಹಡಗು ಶುರುವಾದದ್ದು ಚಕ್ರದ ಹಡಗಾಗಿ. ಅದರ ಚಕ್ರಗಳ ಅಚ್ಚು ಎಷ್ಟು ದಪ್ಪ ಬೇಕಿತ್ತೆಂದರೆ ಅದನ್ನು ಬಡಿದು ಮಾಡಬಲ್ಲ ಸುತ್ತಿಗೆಯೇ ಇರಲಿಲ್ಲ. ಎಂಜಿನಿಯರ್ ಹಂಫ್ರಿಸ್ ತನ್ನ ಪೇಚಾಟವನ್ನು ಜೇಮ್ಸ್ ನೇಸ್ಮಿತ್‌ಗೆ ಕಾಗದ ಬರೆದು ತೋಡಿಕೊಂಡ. ನೇಸ್ಮಿತ್ 1839ರ ನವೆಂಬರ್‌ನಲ್ಲಿ ಉಗಿಸುತ್ತಿಗೆಯ ನಕ್ಷೆ ಬರೆದ. ಇನ್ನೇನು ಅಚ್ಚು ತಯಾರಾಗಬೇಕು, 1840ರಲ್ಲಿ 'ಆರ್ಕಿಮಿಡೀಸ್' ಎಂಬ ಪ್ರೊಪೆಲ್ಲರ್ ಹಡಗು ಬ್ರಿಸ್ಟಲ್‌ಗೆ ಬಂತು. ಬ್ರುನೆಲ್ ಅದರ ಮೇಲೆ ತಿಂಗಳುಗಟ್ಟಲೆ ಪರೀಕ್ಷೆ ಮಾಡಿ, ಚಕ್ರ ಬೇಡ ಅಂದುಬಿಟ್ಟ. ಅಚ್ಚು ಬೇಕಾಗಲೇ ಇಲ್ಲ. ಅದಕ್ಕಾಗಿ ಯೋಚಿಸಿದ ಸುತ್ತಿಗೆ ಮಾತ್ರ ಜಗತ್ತಿನ ಕಾರ್ಖಾನೆಗಳಿಗೆಲ್ಲ ಹೋಯ್ತು.

ಸಾಗರದ ಹಡಗಿಗೆ ಬ್ರುನೆಲ್‌ನ ತೀರ್ಮಾನ ಸರಿ. ಹೊರಡುವಾಗ ಕಲ್ಲಿದ್ದಲು ತುಂಬಿದ ಹಡಗು ಆಳಕ್ಕೆ ಕೂರುತ್ತೆ, ಚಕ್ರ ಅತಿಯಾಗಿ ಮುಳುಗುತ್ತೆ. ಮುಟ್ಟುವ ಹೊತ್ತಿಗೆ ಕಲ್ಲಿದ್ದಲು ಖರ್ಚಾಗಿ ಹಡಗು ಮೇಲೇಳುತ್ತೆ, ಚಕ್ರ ನೀರನ್ನು ಸವರುತ್ತೆ ಅಷ್ಟೇ. ಅಲೆಗೆ ಹಡಗು ವಾಲಿದರೆ ಒಂದು ಚಕ್ರ ಮುಳುಗಿ ಇನ್ನೊಂದು ಗಾಳಿಯಲ್ಲಿ ತಿರುಗುತ್ತೆ. ಯುದ್ಧನೌಕೆಯಾದರೆ ಫಿರಂಗಿ ಇಡಬೇಕಾದ ಜಾಗದಲ್ಲಿ ಚಕ್ರ ಕೂತಿರುತ್ತೆ, ಶತ್ರುವಿನ ಗುಂಡಿಗೆ ಒಳ್ಳೆಯ ಗುರಿಯಾಗಿ.

ಇನ್ನು ಆ ಪ್ರಸಿದ್ಧ ಹಗ್ಗಜಗ್ಗಾಟ. 1845ರ ಏಪ್ರಿಲ್ 3. ಪ್ರೊಪೆಲ್ಲರ್‌ನ 'ರ‍್ಯಾಟ್ಲರ್', ಚಕ್ರದ 'ಅಲೆಕ್ಟೊ'. ಬಾಲಕ್ಕೆ ಬಾಲ ಕಟ್ಟಿದರು. ಮೊದಲು ಅಲೆಕ್ಟೊ ಎಳೆಯಿತು. ಆಮೇಲೆ ರ‍್ಯಾಟ್ಲರ್ ಎಂಜಿನ್ ಹಚ್ಚಿ, ಅದನ್ನು ತಡೆದು, 2.8 ನಾಟ್ ವೇಗದಲ್ಲಿ ಹಿಂದಕ್ಕೆ ಎಳೆದುಕೊಂಡು ಹೋಯಿತು. ಕೇಳೋಕೆ ಭಾರಿ ಮಜಾ. ಆದರೆ ನೌಕಾಪಡೆಯ ಕಛೇರಿ ಅಷ್ಟರಲ್ಲಾಗಲೇ ಪ್ರೊಪೆಲ್ಲರ್ ಹಡಗುಗಳಿಗೆ ಆರ್ಡರ್ ಕೊಟ್ಟಾಗಿತ್ತು. ಅವತ್ತಿನದು ಜನಕ್ಕೆ ತೋರಿಸುವ ಜಾತ್ರೆ.

5/8
ಹಗ್ಗಜಗ್ಗಾಟ ಕೇಳಿದ್ದು ಒಂದು ಪ್ರಶ್ನೆ: ಯಾರು ಜೋರಾಗಿ ಎಳೀತಾರೆ? ನದಿ ಕೇಳುತ್ತಿದ್ದ ಪ್ರಶ್ನೆ ಬೇರೆ: ಯಾರು ಇದ್ದಲ್ಲೇ ತಿರುಗ್ತಾರೆ, ಯಾರು ತಕ್ಷಣ ನಿಲ್ತಾರೆ?

ಟ್ರ್ಯಾಕ್ಟರ್ ಓಡಿಸಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಟ್ರ್ಯಾಕ್ಟರ್‌ಗೆ ಎಡಗಾಲಿಗೊಂದು ಬಲಗಾಲಿಗೊಂದು ಬೇರೆ ಬೇರೆ ಬ್ರೇಕ್ ಪೆಡಲ್ ಇರುತ್ತಲ್ಲ? ಬದುವಿನ ಹತ್ರ ಒಂದು ಕಡೆಯದನ್ನು ಮಾತ್ರ ಒತ್ತಿದರೆ ಗಾಡಿ ಗಿರಕ್ಕನೆ ತಿರುಗುತ್ತೆ. ಅದಕ್ಕೂ ಮುಂಚೆ ಎತ್ತಿನ ಗಾಡಿಯಲ್ಲಿ ಒಳಗಿನ ಎತ್ತನ್ನು ಹಿಡಿದು ಹೊರಗಿನದನ್ನು ಓಡಿಸುತ್ತಿದ್ದರು. ಟಗ್‌ನವರು ಇದನ್ನೇ ಮಾಡಿದರು. ಮೊದಮೊದಲು ಎರಡು ಚಕ್ರಕ್ಕೂ ಒಂದೇ ಅಚ್ಚು. ಆಮೇಲೆ ಎಡಚಕ್ರಕ್ಕೊಂದು ಎಂಜಿನ್, ಬಲಚಕ್ರಕ್ಕೊಂದು ಎಂಜಿನ್. ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಬಿಟ್ಟರೆ ಟಗ್ ಬುಗುರಿಯ ಹಾಗೆ ನಿಂತ ಜಾಗದಲ್ಲೇ ಸುತ್ತುತ್ತೆ.

ಒಂದೇ ಪ್ರೊಪೆಲ್ಲರ್‌ನ ಟಗ್‌ಗೆ ಇದು ಆಗಲ್ಲ. ಅದರ ಚುಕ್ಕಾಣಿಗೆ ಕೆಲಸ ಮಾಡಲು ನೀರಿನ ಹರಿವು ಬೇಕು. ಹಿಮ್ಮುಖ ಹೋಗುವಾಗ ಪ್ರೊಪೆಲ್ಲರ್ ತಳ್ಳುವ ನೀರು ಚುಕ್ಕಾಣಿಯ ಕಡೆ ಹೋಗೋದೇ ಇಲ್ಲ, ಟಗ್ ತನಗೆ ತೋಚಿದ ಕಡೆ ಬಾಲ ತಿರುಗಿಸುತ್ತೆ. ಚಕ್ರಕ್ಕೆ ಮುಂದೂ ಒಂದೇ, ಹಿಂದೂ ಒಂದೇ. ಜೊತೆಗೆ ಚಕ್ರದ ಟಗ್ ಆಳ ಕೇಳಲ್ಲ, ಪ್ರೊಪೆಲ್ಲರ್ ತಳಕ್ಕೆ ತಾಗುವ ಕಡೆಯೂ ಹೋಗಿ ಬರುತ್ತೆ. ಸಾಗರದಲ್ಲಿ ಅದಕ್ಕಿದ್ದ ಕಾಯಿಲೆ, ಕಲ್ಲಿದ್ದಲು ಮುಗಿದು ಮೇಲೇಳೋದು, ಇಲ್ಲಿ ಕಾಡೋದೇ ಇಲ್ಲ. ಬೆಳಗ್ಗೆ ಹೋಗಿ ಸಂಜೆ ವಾಪಸ್ಸು ಬರೋ ದೋಣಿಗೆ ಏನು ಮಹಾ ವ್ಯತ್ಯಾಸ?

ಹೀಗಾಗಿ 1845 ಆದ ಮೇಲೂ ಟೈನ್ ದಂಡೆಯಲ್ಲಿ ಚಕ್ರದ ಟಗ್‌ಗಳು ಹುಟ್ಟುತ್ತಲೇ ಇದ್ದವು. ಅವುಗಳಿಗೆ ನಿಜವಾದ ಪೆಟ್ಟು ಕೊಟ್ಟದ್ದು ಪ್ರೊಪೆಲ್ಲರ್ ಟಗ್ ಅಲ್ಲ, ಗಿರಾಕಿಯೇ ಇಲ್ಲದಂತಾದದ್ದು. ಹಾಯಿಹಡಗು ಹೋಗಿ ಉಗಿಹಡಗು ಬಂದರೆ ಅದು ತಾನೇ ನಡೆದು ಬರುತ್ತೆ, ಎಳೆಯೋಕೆ ಯಾರು ಕರೀತಾರೆ? ಹೊಟ್ಟೆಪಾಡಿನ ಪ್ರಶ್ನೆ. ನಾರ್ತ್ ಷೀಲ್ಡ್ಸ್‌ನ ವಿಲಿಯಂ ಪರ್ಡಿ 1877ರಲ್ಲಿ ತನ್ನ 'ಮೆಸೆಂಜರ್' ಟಗ್‌ಗೆ ಬಲೆ ಕಟ್ಟಿ ಮೀನು ಹಿಡಿಯಲು ಹೊರಟ. ಫಲ ಸಿಕ್ಕಿತು. ಕೆಲಸವಿಲ್ಲದ ಮಿಕ್ಕ ಟಗ್‌ನವರೂ ಅವನ ಹಿಂದೆ ಹೊರಟರು. ಉಗಿ ಟ್ರಾಲರ್‌ಗಳ ಇತಿಹಾಸ ಬರೆಯುವವರು ಪರ್ಡಿಯ ಹೆಸರನ್ನು ಬಿಡೋ ಹಾಗಿಲ್ಲ.

6/8
ಈಗ ಮೇಜಿನ ಮೇಲಿರುವ ಮಾದರಿ. ಇಲ್ಲಿ ಸ್ವಲ್ಪ ತಾಳ್ಮೆ ಬೇಕು.

ಮೊದಲು ನಿಮ್ಮ ಟಗ್‌ನ ಒಡಲು ನೋಡಿ. ಪ್ರೊಪೆಲ್ಲರ್ ಟಗ್ ಗಿಡ್ಡ, ದಪ್ಪ, ಹಿಂಭಾಗ ಆಳ. ಪ್ರೊಪೆಲ್ಲರ್ ಚೆನ್ನಾಗಿ ಮುಳುಗಿರಲಿ ಅಂತ. ಚಕ್ರದ ಟಗ್ ಉದ್ದ, ತೆಳುವು, ತಳ ಆಳವಿಲ್ಲ. ಅಗಲ ಕಾಣೋದು ಪಕ್ಕದ ಚಕ್ರದ ಗೂಡುಗಳಿಂದ. ಹಾಗಾಗಿ ಗಿಡ್ಡ ಒಡಲಿಗೆ ಚಕ್ರ ಸಿಕ್ಕಿಸಿದರೆ ಎತ್ತಿಗೆ ಆನೆಯ ಅಂಬಾರಿ ಕಟ್ಟಿದ ಹಾಗೆ. ನಿಮ್ಮ ಮಾದರಿಗಳಲ್ಲಿ ಇದ್ದುದರಲ್ಲೇ ಉದ್ದವಾದುದನ್ನು ಆರಿಸಿಕೊಳ್ಳಿ. ಪ್ರೊಪೆಲ್ಲರ್ ತೆಗೆದು, ಅಚ್ಚು ಹೋಗುವ ಕೊಳವೆಯನ್ನು ಎಪಾಕ್ಸಿ ಹಾಕಿ ಭದ್ರವಾಗಿ ಮುಚ್ಚಿ. ಚುಕ್ಕಾಣಿಯ ಮುಂದಿನ ಖಾಲಿ ಜಾಗ ತುಂಬಿ. ಚುಕ್ಕಾಣಿಯನ್ನು ದೊಡ್ಡದು ಮಾಡಿ. ಇನ್ನು ಅದಕ್ಕೆ ಪ್ರೊಪೆಲ್ಲರ್ ಎಸೆಯುವ ನೀರು ಸಿಗೋದಿಲ್ಲವಲ್ಲ.

ಚಕ್ರ ಎಲ್ಲಿ? ನಡುವಿನಲ್ಲಿ ಅಥವಾ ನಡುವಿಗಿಂತ ತುಸು ಹಿಂದೆ. ಓಡುವ ದೋಣಿ ತನ್ನ ಮೈಯುದ್ದಕ್ಕೂ ಅಲೆ ಎಬ್ಬಿಸುತ್ತೆ, ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು. ತಗ್ಗಿನಲ್ಲಿ ಚಕ್ರ ಬಿದ್ದರೆ ಹಲಗೆಗಳಿಗೆ ನೀರೇ ಸಿಗಲ್ಲ. ಮೊದಲು ಒಡಲನ್ನು ದಾರ ಕಟ್ಟಿ ತೊಟ್ಟಿಯಲ್ಲಿ ಎಳೆದು, ಅಲೆ ಎಲ್ಲೇಳುತ್ತೆ ನೋಡಿ, ಆಮೇಲೆ ತೂತು ಕೊರೆಯಿರಿ. ತೂಕ ಹಾಕಿ ಸರಿದೂಗಿಸುವಾಗ, ಎಲ್ಲಕ್ಕಿಂತ ಕೆಳಗಿರುವ ಹಲಗೆಯ ಮೇಲಂಚು ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗಿರಲಿ. ಇನ್ನೂ ಮುಳುಗಿಸಿದರೆ ಚಕ್ರ ನೀರನ್ನು ತಳ್ಳೋ ಬದಲು ಎತ್ತಿ ಎತ್ತಿ ಹಾಕುತ್ತೆ. ಗೂಡಿನಲ್ಲಿ ಗಾಳಿ, ನೀರು ಹೊರಹೋಗಲು ಕಿಂಡಿ ಬಿಡಿ. ಹಳೇ ಟಗ್‌ಗಳ ಗೂಡಿನ ಮೇಲೆ ಬೀಸಣಿಗೆಯ ಆಕಾರದ ಸೀಳುಗಳಿರುತ್ತಲ್ಲ, ಅದು ಬರೀ ಅಲಂಕಾರಕ್ಕೆ ಮಾಡಿದ್ದಲ್ಲ.

ಹಲಗೆಯ ವಿಷಯಕ್ಕೆ ಬಂದರೆ ಮತ್ತೆ ಇತಿಹಾಸ. ಚಕ್ರಕ್ಕೆ ನೇರವಾಗಿ ಬಿಗಿದ ಹಲಗೆ ನೀರಿಗಿಳಿಯುವಾಗ ಕೆನ್ನೆಗೆ ಹೊಡೆದ ಹಾಗೆ ಬಡಿಯುತ್ತೆ, ಏಳುವಾಗ ನೀರನ್ನು ಮೊಗೆಯುತ್ತೆ. ಶಕ್ತಿ ದಂಡ. ಎಲೈಜಾ ಗ್ಯಾಲೊವೆ 1829ರಲ್ಲಿ ಇದಕ್ಕೆ ಉಪಾಯ ಹುಡುಕಿ ಪೇಟೆಂಟ್ ಮಾಡಿಸಿದ. ಪ್ರತಿ ಹಲಗೆಯೂ ಕೀಲಿನ ಮೇಲೆ ತೂಗುತ್ತೆ. ಚಕ್ರದ ನಡುವಿನಿಂದ ಸ್ವಲ್ಪ ಸರಿಸಿಟ್ಟ ಇನ್ನೊಂದು ಕೇಂದ್ರದಿಂದ ಒಂದೊಂದು ಹಲಗೆಗೂ ಒಂದೊಂದು ಸರಳು. ಚಕ್ರ ತಿರುಗಿದಂತೆ ಸರಳುಗಳು ಹಲಗೆಯನ್ನು ಓರೆ ಮಾಡಿ, ನೀರಿಗೆ ಸದ್ದಿಲ್ಲದೆ ಇಳಿಸಿ, ಸದ್ದಿಲ್ಲದೆ ಎತ್ತುತ್ತವೆ. ಒಳ್ಳೆ ಈಜುಗಾರನ ಅಂಗೈ ನೋಡಿ, ಹಾಗೆ. ಪೇಟೆಂಟನ್ನು ವಿಲಿಯಂ ಮಾರ್ಗನ್ ಕೊಂಡ, ಅವನ ಹೆಸರೇ ಉಳಿಯಿತು. ಹಿತ್ತಾಳೆ ತಗಡು, ತಂತಿಯಲ್ಲಿ ಇದನ್ನು ಪುಟ್ಟದಾಗಿ ಮಾಡೋದು ಕಣ್ಣು ನೋಯುವ ಕೆಲಸ, ಆದರೆ ತಿರುಗೋದನ್ನು ನೋಡ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯಲ್ಲ.

ವೇಗ. ದೊಡ್ಡ ಚಕ್ರ ನಿಮಿಷಕ್ಕೆ ಮೂವತ್ತು ನಲವತ್ತು ಸುತ್ತು ಸುತ್ತುತ್ತೆ. 25ನೇ ಒಂದರ ಅಳತೆಯ ಮಾದರಿ ನೀರಿನಲ್ಲಿ ಸಹಜವಾಗಿ ಕಾಣಬೇಕಾದರೆ ಅದರ ಐದು ಪಟ್ಟು, 150ರಿಂದ 200 ಸುತ್ತು. ಪ್ರೊಪೆಲ್ಲರ್ ತಿರುಗಿಸುತ್ತಿದ್ದ ಮೋಟಾರ್ ಸಾವಿರಗಟ್ಟಲೆ ಸುತ್ತುತ್ತೆ. ಹಾಗಾಗಿ ಗೇರ್ ಬೇಕೇ ಬೇಕು. ಮತ್ತು ಮೋಟಾರ್ ಎರಡು ಬೇಕು, ಎರಡಕ್ಕೂ ಬೇರೆ ಬೇರೆ ಸ್ಪೀಡ್ ಕಂಟ್ರೋಲರ್. ಒಂದೇ ಮೋಟಾರ್, ಒಂದೇ ಅಚ್ಚಿನಲ್ಲಿ ಮುಗಿಸಿದರೆ ನೀವು ಕಟ್ಟಿದ್ದು ಪ್ರವಾಸಿಗರ ಸ್ಟೀಮರ್. ಐದನೇ ಭಾಗದಲ್ಲಿ ಹೇಳಿದ್ದೆಲ್ಲ ನೀರುಪಾಲು.

7/8
'ಎಪಲ್‌ಟನ್ ಹಾಲ್' ಕಥೆ ಹೇಳದಿದ್ದರೆ ಈ ಸರಣಿ ಮುಗಿಯಲ್ಲ.

ಟೈನ್ ನದಿಯ ಬಾಯಲ್ಲಿರುವ ಸೌತ್ ಷೀಲ್ಡ್ಸ್‌ನಲ್ಲಿ 1914ರಲ್ಲಿ, ಒಂದು ಕಲ್ಲಿದ್ದಲು ಕಂಪನಿಗಾಗಿ ಹುಟ್ಟಿದ ಟಗ್. ಎರಡು ಚಕ್ರಕ್ಕೆ ಎರಡು ಎಂಜಿನ್. ಅವು ಸೈಡ್ ಲಿವರ್ ಎಂಬ ಜಾತಿಯವು, ಹುಟ್ಟಿದಾಗಲೇ ತಾತನ ಕಾಲದವು. ಅರ್ಧ ಶತಮಾನ ದುಡಿದು, 1967ರಲ್ಲಿ ಗುಜರಿ ಸೇರಿತು. ಮರವೆಲ್ಲ ಉರಿದುಹೋಗಿ ಕಬ್ಬಿಣ ಮಾತ್ರ ಉಳಿಯಲಿ ಅಂತ ಬೆಂಕಿಯನ್ನೂ ಹಾಕಿದ್ದರು.

ಅಷ್ಟರಲ್ಲಿ ಸಮುದ್ರದಾಚೆಯಿಂದ ಒಬ್ಬ ಹುಚ್ಚ ಬಂದ. ಸ್ಕಾಟ್ ನ್ಯೂಹಾಲ್, 'ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್' ಪತ್ರಿಕೆಯ ಸಂಪಾದಕ. ಅವನ ಕಣ್ಣು ಮೊದಲು ಇದ್ದದ್ದು 'ರಿಲಯಂಟ್' ಎಂಬ 1907ರ ಟಗ್ ಮೇಲೆ. ಅದು ಗ್ರಿನಿಚ್‌ನ ಮ್ಯೂಸಿಯಂ ಪಾಲಾಯ್ತು. ಆಗ ಸುಟ್ಟ ಎಪಲ್‌ಟನ್ ಹಾಲ್ ಕೊಂಡು, ರಿಪೇರಿ ಮಾಡಿಸಿ, ಅದರ ಚಕ್ರಗಳ ಮೇಲೆಯೇ ಅಟ್ಲಾಂಟಿಕ್ ದಾಟಿಸಿದ. ಪನಾಮಾ ಕಾಲುವೆ ಹಾಯ್ದು 1970ರ ಮಾರ್ಚ್‌ನಲ್ಲಿ ಗೋಲ್ಡನ್ ಗೇಟ್ ಸೇತುವೆಯ ಕೆಳಗೆ ಬಂದು ನಿಂತಿತು. ಚಕ್ರದ ಟಗ್ ಸಾಗರಕ್ಕೆ ಹೇಳಿಸಿದ್ದಲ್ಲ ಅಂತ ನಾಲ್ಕನೇ ಭಾಗದಲ್ಲಿ ನಾನೇ ಬರೆದಿದ್ದೇನೆ ನಿಜ. ಹುಚ್ಚರಿಗೆ ಅದೆಲ್ಲ ಎಲ್ಲಿ ಕೇಳಿಸುತ್ತೆ. ಈಗಲೂ ಆ ಊರಿನ ಕಡಲ ಮ್ಯೂಸಿಯಂ ಹಡಗುಗಳ ಸಾಲಿನಲ್ಲಿ ಅದಿದೆ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತ ಇರುವ ನಮ್ಮ ಕನ್ನಡದವರು ಒಂದು ಭಾನುವಾರ ಹೋಗಿ ಬನ್ನಿ. ಚಕ್ರದ ಗೂಡಿನ ಫೋಟೊ ತೆಗೆಯೋದು ಮರೀಬೇಡಿ.

8/8
ಕೊನೆಯದಾಗಿ, ಮೊದಲ ಭಾಗದಲ್ಲಿ ಬಾಕಿ ಉಳಿಸಿದ್ದ ನೌಕಾಪಡೆಯ ಟಗ್‌ಗಳು.

ಎರಡನೇ ಮಹಾಯುದ್ಧದ ನಂತರ ಬ್ರಿಟಿಷ್ ನೌಕಾಪಡೆಗೆ ಒಂದು ತಲೆನೋವಿತ್ತು. ವಿಮಾನವಾಹಕ ನೌಕೆಯ ಮೇಲ್ಮಾಳಿಗೆ ಒಡಲಿಗಿಂತ ಬಹಳ ಹೊರಕ್ಕೆ ಚಾಚಿರುತ್ತೆ. ಪಕ್ಕಕ್ಕೆ ಬರುವ ಟಗ್‌ನ ಮಾಸ್ಟ್ ಅದಕ್ಕೆ ತಗುಲುತ್ತೆ. ಇಕ್ಕಟ್ಟಾದ ಬಂದರಿನಲ್ಲಿ ಆ ದೈತ್ಯನನ್ನು ಅಂಗುಲ ಅಂಗುಲವಾಗಿ ಸರಿಸಬೇಕು. ಅದಕ್ಕೆ 1950ರ ದಶಕದ ಕೊನೆಯಲ್ಲಿ ಹುಟ್ಟಿದ್ದು 'ಡೈರೆಕ್ಟರ್' ವರ್ಗದ ಟಗ್‌ಗಳು. ಮೈ ತಗ್ಗು, ಮಡಚುವ ಮಾಸ್ಟ್, ಪಕ್ಕಕ್ಕೆ ಎರಡು ಪ್ಯಾಡಲ್ ಚಕ್ರ. ಒಳಗೆ ಉಗಿ ಇಲ್ಲ. ಡೀಸೆಲ್ ಎಂಜಿನ್ ಕರೆಂಟ್ ಹುಟ್ಟಿಸುತ್ತೆ, ಆ ಕರೆಂಟಿನಲ್ಲಿ ಚಕ್ರಕ್ಕೊಂದರಂತೆ ಎಲೆಕ್ಟ್ರಿಕ್ ಮೋಟಾರ್ ತಿರುಗುತ್ತೆ. ಸುಮಾರು ಎರಡು ದಶಕ ದುಡಿದವು.

ಆಮೇಲೆ ಅವುಗಳ ಜಾಗಕ್ಕೂ ಬೇರೆ ಬಂತು. ಇಂದಿನ ಬಂದರು ಟಗ್‌ಗಳಲ್ಲಿ ಪ್ರೊಪೆಲ್ಲರೇ ಯಾವ ದಿಕ್ಕಿಗೆ ಬೇಕಾದರೂ ತಿರುಗುತ್ತೆ. ಕೆಲವದರಲ್ಲಿ, ಎರ್ನ್ಸ್ಟ್ ಷ್ನೈಡರ್ 1920ರ ದಶಕದಲ್ಲಿ ಕಂಡುಹಿಡಿದ ಹಾಗೆ, ತಳದಲ್ಲಿ ಒಂದು ತಟ್ಟೆ ತಿರುಗುತ್ತೆ, ಅದರಿಂದ ಕೆಳಕ್ಕೆ ಇಳಿಬಿದ್ದ ಅಲಗುಗಳು ಸುತ್ತುತ್ತಾ ಸುತ್ತುತ್ತಾ ಓರೆಯಾಗುತ್ತವೆ. ಗ್ಯಾಲೊವೆಯ ಹಲಗೆಗಳು ನೆನಪಾದವಾ? ನನಗೂ ಹಾಗೇ ಅನಿಸಿತು.

ಈಗ ನಿಮ್ಮ ಮೇಜಿಗೆ ಬನ್ನಿ. ಎರಡು ಚಕ್ರ, ಎರಡು ಎಲೆಕ್ಟ್ರಿಕ್ ಮೋಟಾರ್, ಎರಡಕ್ಕೂ ಬೇರೆ ಕಂಟ್ರೋಲ್. ಹೊರಗೆ ಎತ್ತರದ ಹೊಗೆಕೊಳವೆ ನಿಲ್ಲಿಸಿ ಟರ್ನರ್ ಕಾಲದ ಟಗ್ ಮಾಡಿದ್ದೇನೆ ಅಂತ ನೀವು ಹೇಳಬಹುದು. ಒಳಗಿನ ಯಂತ್ರ ಮಾತ್ರ 1950ರ ದಶಕದ ಡೈರೆಕ್ಟರ್ ಟಗ್‌ನದ್ದು. ಹಾಗಾಗಿ ಪೇಂಟ್ ಡಬ್ಬಿ ತೆರೆಯುವ ಮುಂಚೆ ಒಂದು ತೀರ್ಮಾನ ಮಾಡಿ: ಮಾಸ್ಟಿನ ಬುಡಕ್ಕೆ ಮಡಚುವ ಕೀಲು ಹಾಕ್ತೀರಾ, ಬೇಡವಾ? ಕಾಮೆಂಟಿನಲ್ಲಿ ಹೇಳಿ.

#ಹಡಗಿನಕಥೆ #ಪ್ಯಾಡಲ್‌ಟಗ್ #ಇತಿಹಾಸ #ಮಾದರಿಹಡಗು #ಕನ್ನಡ